ಟೂರಿಂಗ್ ಬೂಟು, ಡೌನ್‌ಹಿಲ್ ಬೈಂಡಿಂಗ್: ‘ಖಡಕ್ ಕುಂತೈತಿ’ ಎನ್ನುವ ಜೋಡಿಯ ದೋಷ ಹಿಡಿಯುವುದು

ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟನ್ನು ಜೋಡಿಸುವ ಸಾಧನ ಬೈಂಡಿಂಗ್. ಅದಕ್ಕೆ ಎರಡು ಕೆಲಸ. ಬೂಟನ್ನು ಹಿಡಿದುಕೊಳ್ಳುವುದು ಒಂದು, ಬಿದ್ದಾಗ ಕಾಲು ಮುರಿಯುವ ಮೊದಲೇ ಬಿಟ್ಟುಕೊಡುವುದು ಇನ್ನೊಂದು. ಹಿಡಿತದಲ್ಲಿ ದೋಷವಿದ್ದರೆ ಮೊದಲ ದಿನವೇ ಸ್ಕೀ ಕಳಚಿ ಬಿದ್ದು ಗೊತ್ತಾಗುತ್ತದೆ. ಬಿಡುವುದರಲ್ಲಿ ದೋಷವಿದ್ದರೆ ಬೀಳುವ ತನಕ ಸುಳಿವೇ ಸಿಗುವುದಿಲ್ಲ. ಗುಡ್ಡ ನಡೆದು ಹತ್ತಲೆಂದೂ ಮಾಡಿದ ಟೂರಿಂಗ್ ಬೂಟನ್ನು, ಬರೀ ಇಳಿಯಲೆಂದು ಮಾಡಿದ ಡೌನ್‌ಹಿಲ್ ಬೈಂಡಿಂಗ್‌ಗೆ ಹಾಕಿದಾಗ ಬರುವುದು ಹೆಚ್ಚಾಗಿ ಈ ಎರಡನೇ ಜಾತಿಯ ದೋಷ. ಮುಂತುದಿ ಸೇರಿಸಿ ಹಿಮ್ಮಡಿ ಒತ್ತಿದರೆ ಕ್ಲಿಕ್ ಎನ್ನುತ್ತದೆ, ಅಲುಗಾಡುವುದಿಲ್ಲ, ‘ಖಡಕ್ ಕುಂತೈತಿ’ ಎಂದು ಸಮಾಧಾನವಾಗುತ್ತದೆ. ಆ ಖಡಕ್‌ತನವೇ ರೋಗಲಕ್ಷಣ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಈ ತೊಂದರೆ ಬರುವ ದಾರಿ ಸಾಮಾನ್ಯವಾಗಿ ಒಂದೇ. ಇಲ್ಲಿ ಹಿಮವಿಲ್ಲ, ಸಾಮಾನು ಬಿಡಿಬಿಡಿಯಾಗಿ ಕೈಸೇರುತ್ತದೆ. ಬೂಟು ವಿದೇಶದಲ್ಲಿರುವ ನೆಂಟರ ಕೈಯಿಂದಲೋ ಬಳಸಿದ ಮಾಲು ಮಾರುವವರಿಂದಲೋ ಬರುತ್ತದೆ, ಸ್ಕೀಯನ್ನು ಕಾಶ್ಮೀರದ ಗುಲ್ಮಾರ್ಗ್‌ನಲ್ಲೋ ಉತ್ತರಾಖಂಡದ ಔಲಿಯಲ್ಲೋ ಬಾಡಿಗೆಗೆ ಹಿಡಿಯುತ್ತಾರೆ. ನಡೆಯಲು ಹಗುರ, ಅಡಿಯಲ್ಲಿ ರಬ್ಬರು, ಜಾರುವುದಿಲ್ಲ ಎಂದು ಟೂರಿಂಗ್ ಬೂಟು ಎಲ್ಲರಿಗೂ ಹಿಡಿಸುತ್ತದೆ. ಬಾಡಿಗೆ ಸ್ಕೀ ಮೇಲಿರುವುದು ಮಾತ್ರ ಬಹುಮಟ್ಟಿಗೆ ಡೌನ್‌ಹಿಲ್ ಬೈಂಡಿಂಗ್. ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನಲ್ಲಿ, ಕೈ ಮರಗಟ್ಟಿ, ಹಿಂದೆ ಸಾಲು ನಿಂತಿರುವಾಗ ನಿಧಾನವಾದ ತಪಾಸಣೆ ಆಗುವ ಮಾತಲ್ಲ. ಬೂಟಿನ ಕಡೆಯ ಪರೀಕ್ಷೆಯನ್ನೆಲ್ಲ ಊರಲ್ಲೇ ಮುಗಿಸಿಕೊಳ್ಳಬಹುದು. ಬೆಳಗಾವಿಯ ಉದ್ಯಮಬಾಗದ ಯಾವುದೇ ಮಷೀನ್ ಶಾಪಿನಲ್ಲಿರುವ, ದಪ್ಪ ಅಳೆಯುವ ವರ್ನಿಯರ್, ಸಂದು ಅಳೆಯುವ ಫೀಲರ್ ಗೇಜ್, ಸಮತಟ್ಟಾದ ಸರ್ಫೇಸ್ ಪ್ಲೇಟು ಈ ಕೆಲಸಕ್ಕೆ ಸಾಕು, ಸಾಕಾಗಿ ಮಿಗುತ್ತವೆ.

ಮೊದಲು ಭಾಗಗಳ ಹೆಸರು. ಬೂಟಿನ ಮುಂದೆ ಮತ್ತು ಹಿಂದೆ ತುಟಿಯಂತೆ ಚಾಚಿಕೊಂಡ ಅಂಚುಗಳಿವೆ, ಬೈಂಡಿಂಗ್ ಹಿಡಿಯುವುದು ಅವನ್ನೇ. ಬೈಂಡಿಂಗ್‌ನ ಮುಂಭಾಗ ಟೋ ಪೀಸ್, ಹಿಂಭಾಗ ಹೀಲ್ ಪೀಸ್. ಟೋ ಪೀಸ್‌ನ ಬುಡದಲ್ಲಿ, ಬೂಟಿನ ಅಡಿಗೆ ತಾಗುವಂತೆ, ನುಣುಪಾದ ಒಂದು ಪಟ್ಟಿಯಿರುತ್ತದೆ. ಕೆಲವದರಲ್ಲಿ ಅದು ಕದಲದ ಟೆಫ್ಲಾನ್ ತುಂಡು, ಕೆಲವದರಲ್ಲಿ ಪಕ್ಕಕ್ಕೆ ಸರಿಯುವ ಫಲಕ. ಅಂಗಡಿಯವರು ಎಎಫ್‌ಡಿ ಎನ್ನುತ್ತಾರೆ, ಇಲ್ಲಿ ಜಾರುಪಟ್ಟಿ ಎಂದು ಕರೆಯೋಣ. ಈ ಬರಹದ ಮುಕ್ಕಾಲು ಪಾಲು ಆ ಪಟ್ಟಿಯ ಸುತ್ತವೇ ಸುತ್ತುತ್ತದೆ.

ಗುರುತು ಓದುವುದು

ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಬೂಟು ತಿರುಗಿಸಿ ಅಟ್ಟೆಯನ್ನು, ಹಿಮ್ಮಡಿಯ ಪಕ್ಕವನ್ನು ಓದಿ. ಬಾದಾಮಿಯ ಮರಳುಗಲ್ಲು ಹತ್ತುವವರು ಕ್ಯಾರಬಿನರ್ ಮೇಲಿನ ಕಿಲೋನ್ಯೂಟನ್ ಅಂಕಿ ನೋಡದೆ ಅದಕ್ಕೆ ಹಗ್ಗ ಹಾಕುವುದಿಲ್ಲ. ಇಲ್ಲೂ ಅದೇ ಶಿಸ್ತು ಬೇಕು.

ಐಎಸ್‌ಒ 5355 ಎಂದಿದ್ದರೆ ಅದು ಡೌನ್‌ಹಿಲ್ ಬೂಟು: ಚಪ್ಪಟೆಯಾದ, ಗಟ್ಟಿ ಪ್ಲಾಸ್ಟಿಕ್ಕಿನ ಅಟ್ಟೆ. ಐಎಸ್‌ಒ 9523 ಎಂದಿದ್ದರೆ ಟೂರಿಂಗ್ ಬೂಟು: ಮುಂದಕ್ಕೆ ದೋಣಿಯ ಮೂತಿಯಂತೆ ಎದ್ದ, ಗಾಡಿಯ ಟೈರಿನಂತೆ ಗುಬುಟುಗಳಿರುವ ರಬ್ಬರ್ ಅಟ್ಟೆ. ಐಎಸ್‌ಒ 23223 ಅಥವಾ ಗ್ರಿಪ್‌ವಾಕ್ ಎಂದಿದ್ದರೆ ಇವೆರಡರ ನಡುವಿನದು. ಅದಕ್ಕೂ ರಬ್ಬರ್ ಇದೆ, ಸ್ವಲ್ಪ ಬಾಗೂ ಇದೆ, ಆದರೆ ಜಾರುಪಟ್ಟಿಗೆ ತಾಗುವ ಜಾಗದಲ್ಲಿ ಗಟ್ಟಿ ಪ್ಲಾಸ್ಟಿಕ್ಕನ್ನೇ ಉಳಿಸಿರುತ್ತಾರೆ. ಸ್ವಲ್ಪ ಹಳೆಯ ಬೂಟುಗಳಲ್ಲಿ ಡಬ್ಲ್ಯುಟಿಆರ್ ಎಂಬ ಗುರುತೂ ಸಿಗುತ್ತದೆ. ಅದಕ್ಕೆ ಅದೇ ಗುರುತಿನ ಇಲ್ಲವೇ ಅದನ್ನು ಹೆಸರಿಸಿ ಒಪ್ಪುವ ಬೈಂಡಿಂಗೇ ಬೇಕು.

ಇನ್ನು ಬೈಂಡಿಂಗ್. ಏನೂ ಬರೆಯದ ಸಾದಾ ಡೌನ್‌ಹಿಲ್ ಬೈಂಡಿಂಗ್ 5355ಕ್ಕೆ ಮಾತ್ರ ಎಂದು ತಿಳಿಯಬೇಕು. ಜಿಡಬ್ಲ್ಯು ಅಥವಾ ಗ್ರಿಪ್‌ವಾಕ್ ಎಂದಿದ್ದರೆ 5355 ಮತ್ತು ಗ್ರಿಪ್‌ವಾಕ್ ಎರಡೂ ಸರಿ, 9523 ಸರಿಯಲ್ಲ. ಸಾಲೊಮನ್, ಅಟಾಮಿಕ್ ಕಂಪನಿಗಳ ಎಂಎನ್‌ಸಿ, ಮಾರ್ಕರ್‌ನ ಸೋಲ್ ಐಡಿ, ಟೈರೋಲಿಯಾ ಅಟ್ಯಾಕ್‌ನ ಎಟಿ ಮಾದರಿ ಇವು 9523ನ್ನೂ ಒಪ್ಪುತ್ತವೆ. ಆದರೆ ಪ್ರತಿ ಬೂಟಿಗೂ ಟೋ ಪೀಸ್‌ನ ಎತ್ತರ ಹೊಂದಿಸಿದ ಮೇಲೆ ಮಾತ್ರ. ಹೊಂದಿಸದ ಎಂಎನ್‌ಸಿ ಬೈಂಡಿಂಗ್ ಸಾದಾ ಬೈಂಡಿಂಗ್‌ನಷ್ಟೇ ಅಪಾಯ.

ಈ ಹಂತದಲ್ಲಿ ಜನ ಎಡವುವ ಜಾಗಗಳು ಕೆಲವಿವೆ. ಬೂಟಿನ ಹಿಂದೆ ನಡಿಗೆಯ ಲಿವರ್ ಇದ್ದ ಮಾತ್ರಕ್ಕೆ ಅದು ಟೂರಿಂಗ್ ಅಟ್ಟೆಯ ಬೂಟಲ್ಲ. 5355 ಬೂಟುಗಳಲ್ಲೂ ಲಿವರ್ ಇರುತ್ತದೆ. ಮುಂತುದಿಯ ಎರಡೂ ಪಕ್ಕ ಪಿನ್ ಕೂರುವ ಉಕ್ಕಿನ ಗುಳಿಗಳಿದ್ದರೆ, ಪಿನ್‌ಗಳಿಂದ ಬೂಟು ಹಿಡಿಯುವ ಟೆಕ್ ಬೈಂಡಿಂಗ್‌ಗೆ ಆಗುತ್ತದೆ ಎಂದಷ್ಟೇ ಅರ್ಥ, ಅಟ್ಟೆ ಯಾವುದು ಎಂದು ಅದು ಹೇಳುವುದಿಲ್ಲ. ಬೈಂಡಿಂಗ್‌ನ ಹೆಸರು ಕೇಳಿ ನಂಬುವುದೂ ತಪ್ಪು: ಮಾರ್ಕರ್ ಗ್ರಿಫನ್ ಎಂಬ ಒಂದೇ ಹೆಸರಿನಲ್ಲಿ 5355 ಮಾತ್ರ ಒಪ್ಪುವ ಹಳೆಯ ತಲೆಮಾರೂ ಇದೆ, ಸೋಲ್ ಐಡಿ ಇರುವ ಹೊಸ ತಲೆಮಾರೂ ಇದೆ. ಲುಕ್ ಪಿವಟ್‌ನಲ್ಲೂ ಹಾಗೇ, ಹಳೆಯದು 5355ಕ್ಕೆ ಮಾತ್ರ, ಹೊಸದು ಗ್ರಿಪ್‌ವಾಕ್ ತನಕ. ಕೊನೆಯದು, ತೀರಾ ಹಗುರದ ಟೂರಿಂಗ್ ಬೂಟುಗಳು 9523ಕ್ಕೂ ಸೇರದೆ ಇರಬಹುದು. ಡೈನಾಫಿಟ್‌ನ ಟಿಎಲ್‌ಟಿ 7ಕ್ಕೆ ಮುಂದಿನ ತುಟಿಯೇ ಇಲ್ಲ, ಅದನ್ನು ಹಿಡಿಯುವ ಡೌನ್‌ಹಿಲ್ ಬೈಂಡಿಂಗ್ ಯಾವುದೂ ಇಲ್ಲ. ಗುರುತೇ ಕಾಣದ ಬೂಟು ಸಿಕ್ಕರೆ ‘ಬಹುಶಃ 9523 ಇರಬಹುದು’ ಎಂದು ಮುಂದುವರಿಯಬೇಡಿ.

ಮಕ್ಕಳ ಬೂಟಿನ ಅಳತೆಯೇ ಬೇರೆ. ದೊಡ್ಡವರ ಬೈಂಡಿಂಗ್‌ಗೆ ಮಕ್ಕಳ ಬೂಟು ಕ್ಲಿಕ್ಕಾದರೂ ತಯಾರಕರು ಅದಕ್ಕೆ ಹೌದು ಎಂದಿರದಿದ್ದರೆ ಬಿಟ್ಟುಬಿಡಿ.

ಅಳೆದು ನೋಡುವುದು

ಗುರುತು ಸವೆದಿದ್ದರೆ, ಅಥವಾ ಮಾರಿದವರ ಮಾತಿನ ಮೇಲೆ ಅನುಮಾನವಿದ್ದರೆ ಅಳತೆ ಹೇಳುತ್ತದೆ. ದೊಡ್ಡವರ 5355 ಬೂಟಿನಲ್ಲಿ ಅಟ್ಟೆಯ ಅಡಿಯಿಂದ ಮುಂದಿನ ತುಟಿಯ ಮೇಲ್ಮೈವರೆಗೆ 19 ಮಿ.ಮೀ., ಹಿಂದಿನ ತುಟಿಯ ಮೇಲ್ಮೈವರೆಗೆ 30 ಮಿ.ಮೀ. ಎರಡಕ್ಕೂ ಟಾಲರೆನ್ಸ್ ಹೆಚ್ಚುಕಡಿಮೆ 1 ಮಿ.ಮೀ. ಮುಂದಿನ ತುಟಿಯ ಅಗಲ 69 ಮಿ.ಮೀ., ಅದಕ್ಕೆ 2 ಮಿ.ಮೀ. ಸಲ್ಲುತ್ತದೆ. ಅಳೆಯುವಾಗ ವರ್ನಿಯರ್‌ನ ದವಡೆಯನ್ನು ಬಿಗಿಯಬೇಡಿ. ಉಕ್ಕಿನ ಬುಶ್ ಅಳೆದು ರೂಢಿಯಾದ ಕೈ ರಬ್ಬರನ್ನೂ ಅದೇ ಒತ್ತಡದಲ್ಲಿ ಹಿಡಿಯುತ್ತದೆ, ಆಗ ಅರ್ಧ ಮಿ.ಮೀ. ಸುಲಭವಾಗಿ ಕಳೆದುಹೋಗುತ್ತದೆ. ಎಡ ಬೂಟು, ಬಲ ಬೂಟು ಎರಡನ್ನೂ, ತುಟಿಯ ಎರಡೂ ಪಕ್ಕದಲ್ಲಿ ಅಳೆಯಿರಿ. ನಡೆದು ಸವೆದ ಅಟ್ಟೆ ಒಂದೇ ಬದಿಗೆ ಸವೆದಿರುತ್ತದೆ.

ನಂತರ ಬೂಟನ್ನು ಸರ್ಫೇಸ್ ಪ್ಲೇಟಿನ ಮೇಲಿಡಿ. ಗಾಜಿನ ಹಲಗೆ ಆದರೂ ಆದೀತು. 5355 ಬೂಟಿನ ಮುಂಭಾಗ ಚಪ್ಪಟೆಯಾಗಿ ತಾಗಿ ನಿಲ್ಲುತ್ತದೆ. ಟೂರಿಂಗ್ ಬೂಟಿನ ಮೂತಿ ಮೇಲೆದ್ದು ಅಡಿಗೆ ಪೆನ್ಸಿಲ್ ತೂರುವಷ್ಟು ಸಂದು ಕಾಣುತ್ತದೆ, ಮೂತಿ ಒತ್ತಿದರೆ ಬೂಟು ತೊಟ್ಟಿಲಿನಂತೆ ಆಡುತ್ತದೆ. ಹೀಗೆ ಆಡುವ ಬೂಟನ್ನು 5355 ಎಂದು ಯಾರು ಹೇಳಿದರೂ ನಂಬಬೇಕಿಲ್ಲ. ಗ್ರಿಪ್‌ವಾಕ್ ಕೂಡ ಸ್ವಲ್ಪ ಆಡುವುದರಿಂದ ಟೂರಿಂಗ್ ಮತ್ತು ಗ್ರಿಪ್‌ವಾಕ್ ನಡುವಿನ ತೀರ್ಮಾನಕ್ಕೆ ಈ ಪರೀಕ್ಷೆ ಸಾಲದು. ಆಗ ಅಟ್ಟೆಯ ಮುಂಭಾಗದ ಮಧ್ಯದಲ್ಲಿ ನುಣುಪಾದ ಗಟ್ಟಿ ಚೌಕ ಇದೆಯೇ ಎಂದು ಉಗುರಿನಿಂದ ಗೀರಿ ನೋಡಿ, ಗುರುತನ್ನೂ ಹುಡುಕಿ.

ಲಕ್ಷಣ: ಬಿಗಿಯಾಗಿ ಕೂರುತ್ತದೆ, ಸ್ವಲ್ಪವೂ ಅಲುಗುವುದಿಲ್ಲ

ಇದು ಎಲ್ಲಕ್ಕಿಂತ ಕೆಟ್ಟ ದೋಷ, ಎಲ್ಲಕ್ಕಿಂತ ಕಡಿಮೆ ದೂರು ಬರುವ ದೋಷ ಕೂಡ.

ಮಷೀನ್ ಶಾಪಿನ ಭಾಷೆಯಲ್ಲೇ ಹೇಳುವುದಾದರೆ, ಟೋ ಪೀಸ್‌ನ ದವಡೆ ಮತ್ತು ಜಾರುಪಟ್ಟಿಯ ನಡುವೆ ಬೂಟಿನ ತುಟಿ ಕ್ಲಿಯರೆನ್ಸ್ ಫಿಟ್ ಆಗಿ, ಅಂದರೆ ತುಸು ಸಂದು ಉಳಿಸಿಕೊಂಡು ಕೂರಬೇಕು. 19 ಮಿ.ಮೀ.ಗೆಂದು ಮಾಡಿದ ಜಾಗಕ್ಕೆ ಅದಕ್ಕಿಂತ ದಪ್ಪದ ರಬ್ಬರ್ ಮೂತಿಯನ್ನು ಒತ್ತಿ ತೂರಿಸಿದರೆ ಅದು ಇಂಟರ್‌ಫಿಯರೆನ್ಸ್ ಫಿಟ್ ಆಗುತ್ತದೆ. ಪ್ರೆಸ್ ಮಾಡಿ ಕೂರಿಸಿದ ಬುಶ್ ಪಕ್ಕಕ್ಕೆ ಜಾರುವುದಿಲ್ಲವಲ್ಲ, ಬೂಟೂ ಜಾರುವುದಿಲ್ಲ.

ಜಾರುವುದು ಏಕೆ ಬೇಕು ಎಂದರೆ, ಸ್ಕೀ ಒಂದು ಕಡೆ ತಿರುಗಿ ಮೈ ಇನ್ನೊಂದು ಕಡೆ ತಿರುಗಿದಾಗ ಮೊಣಕಾಲ ಕೆಳಗಿನ ಮೂಳೆ ಒದ್ದೆ ಬಟ್ಟೆಯಂತೆ ಹಿಂಡಿಕೊಳ್ಳುತ್ತದೆ. ಮೂಳೆ ತಾಳುವ ಮಿತಿಗೆ ಮುಂಚೆಯೇ ಟೋ ಪೀಸ್ ಪಕ್ಕಕ್ಕೆ ತೆರೆದು ಬೂಟನ್ನು ಬಿಡಬೇಕು. ಅಂತಾರಾಷ್ಟ್ರೀಯ ಕೋಷ್ಟಕದಲ್ಲಿ 67ರಿಂದ 78 ಕಿಲೋ ತೂಕದ, 167ರಿಂದ 178 ಸೆಂ.ಮೀ. ಎತ್ತರದ, ಎಚ್ಚರಿಕೆಯಿಂದ ಸ್ಕೀ ಮಾಡುವ ವಯಸ್ಕರಿಗೆ ಈ ತಿರುಚುಬಲದ ಗುರಿ 43 ನ್ಯೂಟನ್ ಮೀಟರ್. ಬೈಂಡಿಂಗ್ ಮೇಲೆ ಸ್ಕ್ರೂ ತಿರುಗಿಸಿ ಇಡುವ ಡಿನ್ ಅಂಕಿ ಅದನ್ನೇ ಸೂಚಿಸುತ್ತದೆ, ಅಂಕಿ ಏರಿದಷ್ಟೂ ಬಿಡಲು ಹೆಚ್ಚು ಬಲ ಬೇಕು. ಸ್ಪ್ರಿಂಗು ಮತ್ತು ಜಾರುಪಟ್ಟಿ ಎರಡೂ ಸೇರಿ ಆ ಗುರಿ ಮುಟ್ಟುತ್ತವೆ ಎಂಬ ಲೆಕ್ಕದ ಮೇಲೆ ಅಂಕಿ ನಿಂತಿದೆ.

ಈಗ ಉದಾಹರಣೆಗೆಂದು ಅಂಕಿ ಹಿಡಿದು ನೋಡಿ. ಮುಂದಕ್ಕೆ ಬಾಗಿದ ಮನುಷ್ಯನ ಭಾರದಲ್ಲಿ 400 ನ್ಯೂಟನ್ ಜಾರುಪಟ್ಟಿಯ ಮೇಲೆ ಬಿತ್ತು ಎನ್ನೋಣ, ಅಂದರೆ ಸುಮಾರು 40 ಕಿಲೋ. ನುಣುಪು ಪ್ಲಾಸ್ಟಿಕ್ಕಿನ ಅಡಿಯಲ್ಲಿ ಘರ್ಷಣೆಯ ಗುಣಾಂಕ 0.1 ಆದರೆ ಅಡ್ಡ ತಡೆ 40 ನ್ಯೂಟನ್. ಕಾಲಮೂಳೆಯ ಅಕ್ಷದಿಂದ ಜಾರುಪಟ್ಟಿಗೆ ಕಾಲು ಮೀಟರ್ ದೂರವಿದ್ದರೆ ಅದು 10 ನ್ಯೂಟನ್ ಮೀಟರ್. ಗುಬುಟು ರಬ್ಬರಿನ ಅಡಿಯಲ್ಲಿ ಗುಣಾಂಕ 0.5 ಎಂದಿಟ್ಟರೆ ತಡೆ 200 ನ್ಯೂಟನ್, ತಿರುಚುಬಲ 50 ನ್ಯೂಟನ್ ಮೀಟರ್. ಸ್ಪ್ರಿಂಗನ್ನು ಪೂರ್ತಿ ಕಿತ್ತೆಸೆದರೂ ಬರೀ ಘರ್ಷಣೆಯೇ 43ನ್ನು ದಾಟಿ ಕೂತಿದೆ. ಇದರ ಮೇಲೆ ಗುಬುಟಿನ ಅಂಚು ಜಾರುಪಟ್ಟಿಯ ಅಂಚಿಗೆ ಹಲ್ಲಿನಂತೆ ಕಚ್ಚಿಕೊಂಡರೆ ಲೆಕ್ಕ ಹಾಕುವುದೇ ಬೇಡ.

ಇಲ್ಲಿಂದಲೇ ಒಂದು ಕೆಟ್ಟ ‘ಪರಿಹಾರ’ ಹುಟ್ಟುತ್ತದೆ: ಬಿಗಿಯಾಗಿದೆ ಎಂದು ಡಿನ್ ಅನ್ನು 6ರಿಂದ 3ಕ್ಕೆ ಇಳಿಸುವುದು. ಡಿನ್ ಸ್ಕ್ರೂ ಸಡಿಲಿಸುವುದು ಸ್ಪ್ರಿಂಗನ್ನು, ರಬ್ಬರಿನ ಘರ್ಷಣೆಯನ್ನಲ್ಲ. ಹೀಗೆ ಇಳಿಸಿದ ಬೈಂಡಿಂಗ್ ಎರಡೂ ಕಡೆ ಕೆಡುತ್ತದೆ. ಗಟ್ಟಿ ಹಿಮದ ಮೇಲೆ ಬೂಟಿನ ಮುಂಭಾಗದ ಭಾರ ಒಂದು ಕ್ಷಣ ಹಗುರಾದಾಗ ಬೇಡದೆ ಬಿಡುತ್ತದೆ. ಭಾರವೆಲ್ಲ ಮುಂದೆ ಬಿದ್ದು ಕಾಲು ತಿರುಚಿಕೊಂಡಾಗ, ಬೇಕಾದಾಗಲೇ, ಬಿಡುವುದಿಲ್ಲ.

ದೋಷ ಖಚಿತಪಡಿಸಿಕೊಳ್ಳಲು ಸ್ಕೀಯನ್ನು ವೈಸ್‌ನಲ್ಲಿ, ದವಡೆಗೆ ರಬ್ಬರ್ ಹಾಳೆ ಕೊಟ್ಟು, ಗಟ್ಟಿ ಹಿಡಿಸಿ. ಡಿನ್ ಅಂಕಿ ಬರೆದಿಟ್ಟುಕೊಂಡು ಪರೀಕ್ಷೆಗಾಗಿ 3ರ ಸುಮಾರಿಗೆ ಇಳಿಸಿ. ಖಾಲಿ ಬೂಟು ಹಾಕಿ, ಮೂತಿಯನ್ನು ಅಂಗೈಯಿಂದ ಪಕ್ಕಕ್ಕೆ ತಳ್ಳಿ. ಕೆಲವು ಮಿ.ಮೀ. ಸರಿದು, ಕೈಬಿಟ್ಟ ಕೂಡಲೇ ತಾನೇ ನಡುವಿಗೆ ಮರಳಬೇಕು. ಅರ್ಧದಲ್ಲೇ ನಿಂತರೆ, ಕಿರ್ ಎಂದು ಎಳೆದುಕೊಂಡು ಮರಳಿದರೆ, ಒಂದು ಬದಿಗೆ ಮರಳಿ ಇನ್ನೊಂದು ಬದಿಗೆ ಮರಳದಿದ್ದರೆ ದೋಷವಿದೆ. ಆದರೆ ಖಾಲಿ ಬೂಟು ಚೆನ್ನಾಗಿ ಮರಳಿತು ಎಂದು ನಿಲ್ಲಿಸಬೇಡಿ, ಮೋಸ ಇರುವುದೇ ಇಲ್ಲಿ. ಇನ್ನೊಬ್ಬರಿಗೆ ಎರಡೂ ಕೈಯಿಂದ ಬೂಟಿನ ಮುಂಭಾಗವನ್ನು ಕೆಳಕ್ಕೆ ಅದುಮಲು ಹೇಳಿ ಮತ್ತೆ ತಳ್ಳಿ. ಜೊತೆಗೆ ಖಚಿತವಾಗಿ 5355 ಆದ ಬೂಟನ್ನೂ ಅದೇ ಬೈಂಡಿಂಗ್‌ಗೆ, ಅಟ್ಟೆಯ ಉದ್ದಕ್ಕೆ ಹೀಲ್ ಪೀಸ್ ಸರಿಹೊಂದಿಸಿ, ಹಾಕಿ ಹೋಲಿಸಿ. ಅದುಮಿದಾಗ ಡೌನ್‌ಹಿಲ್ ಬೂಟಿಗೆ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ, ರಬ್ಬರ್ ಬೂಟು ಅಲ್ಲೇ ನೆಟ್ಟುಕೊಳ್ಳುತ್ತದೆ. ಮುಗಿದ ಮೇಲೆ ಡಿನ್ ಅಂಕಿಯನ್ನು ಮೊದಲಿನ ಜಾಗಕ್ಕೆ ತರುವುದನ್ನು ಮರೆಯಬೇಡಿ, ನಾಲ್ಕೂ ಕಡೆ: ಎರಡು ಸ್ಕೀ, ಪ್ರತಿಯೊಂದಕ್ಕೂ ಮುಂದೆ ಒಂದು, ಹಿಂದೆ ಒಂದು.

ಈ ಪರೀಕ್ಷೆಯಲ್ಲಿ ಸೋತ ಜೋಡಿ ಖಂಡಿತ ಕೆಟ್ಟದ್ದು. ಗೆದ್ದ ಜೋಡಿ ಒಳ್ಳೆಯದೆಂದು ಮಾತ್ರ ಹೇಳಲಾಗದು. ಬಿಡುಗಡೆಯ ತಿರುಚುಬಲವನ್ನು ಅಳೆಯುವ ಯಂತ್ರವಿರುವ ಸ್ಕೀ ಅಂಗಡಿಯೇ ಆ ಮಾತು ಹೇಳಬೇಕು.

ಬೈಂಡಿಂಗ್ 9523 ಒಪ್ಪುವ ಜಾತಿಯದಾಗಿದ್ದು ಬರೀ ಎತ್ತರ ತಪ್ಪಿದ್ದರೆ ಪರಿಹಾರ ಸುಲಭ. ಬೂಟು ಹಾಕಿ, ಹಿಮ್ಮಡಿ ಪೂರ್ತಿ ಲಾಕ್ ಮಾಡಿ. ಅಟ್ಟೆ ಮತ್ತು ಜಾರುಪಟ್ಟಿಯ ನಡುವೆ ತೆಳು ಪಟ್ಟಿಯೊಂದನ್ನು ತೂರಿಸಿ. ಎತ್ತರದ ಸ್ಕ್ರೂ ತಿರುಗಿಸುತ್ತಾ ಪಟ್ಟಿ ಸಿಕ್ಕಿಕೊಳ್ಳುವ ತನಕ ತಂದು, ಅಲ್ಲಿಂದ ಹಿಂದಕ್ಕೆ ತಿರುಗಿಸಿ, ಎಳೆದರೆ ತುಸು ತಡೆದು ಹೊರಬರುವಂತೆ ನಿಲ್ಲಿಸಿ. ಸಂದು ಎಷ್ಟಿರಬೇಕು ಎಂಬುದಕ್ಕೆ ಆ ಮಾದರಿಯ ಕೈಪಿಡಿಯೇ ಆಧಾರ. ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸು ಇರುತ್ತದೆ. ಫೀಲರ್ ಗೇಜಿನ 0.50ರ ಎಲೆ ಇದಕ್ಕೆ ಹೇಳಿಮಾಡಿಸಿದಂತಿದೆ. ಗುಬುಟುಗಳ ನಡುವಿನ ತಗ್ಗಿನಲ್ಲಿ ತೂರಿಸಿ ‘ಸಡಿಲ ಐತಿ’ ಎನ್ನಬೇಡಿ, ಜಾರುಪಟ್ಟಿಗೆ ತಾಗುವ ಗುಬುಟಿನ ಅಡಿಯಲ್ಲೇ ತೂರಬೇಕು. ಎಡಬಲ ಬೂಟುಗಳಿಗೆ ಬೇರೆಬೇರೆಯಾಗಿ ಹೊಂದಿಸಿ, ಸ್ಕೀ ಮೇಲೆ ಎಡ, ಬಲ ಎಂದು ಬರೆಯಿರಿ.

ಬೈಂಡಿಂಗ್ 5355ಕ್ಕೆ ಮಾತ್ರವಾಗಿದ್ದರೆ ಹೊಂದಿಸುವಂಥದ್ದು ಏನೂ ಇಲ್ಲ. ಜಾರುಪಟ್ಟಿಗೆ ಎಣ್ಣೆ, ಗ್ರೀಸು, ಮೇಣ ಹಚ್ಚುವುದು, ಬೂಟಿನ ಅಡಿಗೆ ನುಣುಪು ಟೇಪು ಅಂಟಿಸುವುದು ಇವೆಲ್ಲ ಮೊದಲ ಹತ್ತು ನಿಮಿಷ ಕೆಲಸ ಮಾಡಿದಂತೆ ಕಾಣುತ್ತವೆ. ಎಣ್ಣೆಗೆ ಧೂಳು ಕೂತು ಉಜ್ಜುವ ಪೇಸ್ಟ್ ಆಗುತ್ತದೆ, ಟೇಪು ಪಾರ್ಕಿಂಗ್‌ನಿಂದ ಲಿಫ್ಟಿಗೆ ನಡೆಯುವಷ್ಟರಲ್ಲಿ ಹರಿಯುತ್ತದೆ.

ಲಕ್ಷಣ: ಮೂತಿ ಮೇಲೆಕೆಳಗೆ ಆಡುತ್ತದೆ, ಕಾರಣವಿಲ್ಲದೆ ಕಳಚುತ್ತದೆ

ಇದು ಮೇಲಿನದರ ತಿರುವುಮುರುವು. ಟೂರಿಂಗ್ ಬೂಟಿಗೆಂದು ಎತ್ತರಿಸಿದ ಟೋ ಪೀಸ್‌ಗೆ ಆಮೇಲೆ ಯಾರೋ ಡೌನ್‌ಹಿಲ್ ಬೂಟು ಹಾಕಿರುತ್ತಾರೆ. ಒಂದೇ ಸ್ಕೀಯನ್ನು ಇಬ್ಬರು ಬಳಸುವ ಮನೆಗಳಲ್ಲಿ ಇದು ಸಾಮಾನ್ಯ. ಇಲ್ಲವೇ ಅಟ್ಟೆ ಸವೆದಿರುತ್ತದೆ. ಸಿಮೆಂಟು, ಡಾಂಬರಿನ ಮೇಲೆ ನಡೆದರೆ 19 ಮಿ.ಮೀ. ಎಂಬುದು 17ಕ್ಕೆ ಇಳಿಯುವುದು ಕಷ್ಟವೇನಲ್ಲ. ಮೊದಲನೆಯದಕ್ಕೆ ಎತ್ತರ ಮರಳಿ ಹೊಂದಿಸಿ. ಎರಡನೆಯದಕ್ಕೆ ಅಟ್ಟೆ ಬದಲಾಯಿಸಬೇಕು, ಬದಲಾಯಿಸಲು ಬಾರದ ಅಟ್ಟೆಯಾದರೆ ಬೂಟನ್ನೇ. ಇದಕ್ಕೆ ಡಿನ್ ಏರಿಸುವುದು ಹಿಂದಿನ ತಪ್ಪಿನ ಅಣ್ಣತಮ್ಮ: ಆಟ ಹಾಗೇ ಉಳಿಯುತ್ತದೆ, ಬಿಡಬೇಕಾದಾಗ ಬಿಡುವುದೂ ನಿಲ್ಲುತ್ತದೆ.

ಲಕ್ಷಣ: ಹಿಮ್ಮಡಿ ಲಾಕ್ ಆಗುವುದಿಲ್ಲ, ಅಥವಾ ಲಾಕ್ ಆಗಿ ಚಿಮ್ಮಿ ತೆರೆಯುತ್ತದೆ

ಅಟ್ಟೆಗೆ ಹಿಮವೋ ಮಣ್ಣೋ ಮೆತ್ತಿದೆಯೇ ಎಂದು ಮೊದಲು ನೋಡಿ. ಗುಬುಟಿನ ಅಟ್ಟೆ ಹಿಮವನ್ನು ಹಿಡಿದಿಟ್ಟುಕೊಂಡು ಮಂಜುಗಡ್ಡೆ ಮಾಡುತ್ತದೆ, ಕೆರೆದು ತೆಗೆಯದೆ ಯಾವ ಪರೀಕ್ಷೆಯೂ ಲೆಕ್ಕಕ್ಕಿಲ್ಲ.

ಅದಲ್ಲವಾದರೆ ಉದ್ದ ತಪ್ಪಿದೆ. ಹೀಲ್ ಪೀಸ್ ಬೂಟನ್ನು ಮುಂದಕ್ಕೆ ಒತ್ತಿ ಹಿಡಿಯುತ್ತದೆ, ಆ ಒತ್ತಡ ಬೂಟಿನ ಅಟ್ಟೆಯ ಉದ್ದದ ಮೇಲೆ ನಿಂತಿದೆ. ಉದ್ದವನ್ನು ಹಿಮ್ಮಡಿಯ ಪಕ್ಕದಲ್ಲಿ ಮಿ.ಮೀ.ನಲ್ಲಿ ಅಚ್ಚು ಹಾಕಿರುತ್ತಾರೆ, 306 ಎಂದೋ 317 ಎಂದೋ. ಬಾಡಿಗೆ ಕೌಂಟರಿನಲ್ಲಿ ‘ಸೈಜ್ ಎಷ್ಟು’ ಎಂದು ಕೇಳಿ 27.5 ಎಂದರೆ ತಮ್ಮ ಬೂಟಿನ ಅಳತೆಗೆ ಹೀಲ್ ಪೀಸ್ ಸರಿಸಿಬಿಡುತ್ತಾರೆ. ಪಾದದ ಸೈಜ್ ಒಂದೇ ಆದರೂ ಟೂರಿಂಗ್ ಬೂಟಿನ ಅಟ್ಟೆ ಡೌನ್‌ಹಿಲ್ ಬೂಟಿಗಿಂತ ಹಲವು ಮಿ.ಮೀ. ಗಿಡ್ಡವಿರಬಹುದು. ಆಗ ಒತ್ತಡ ಕಡಿಮೆಯಾಗಿ, ಸ್ಕೀ ಬಿಲ್ಲಿನಂತೆ ಬಾಗಿದ ಕ್ಷಣ ಬೂಟು ಕಳಚಿಕೊಳ್ಳುತ್ತದೆ. ಅಟ್ಟೆ ಉದ್ದವಾದರೆ ಒತ್ತಡ ಹೆಚ್ಚಿ ಟೋ ಪೀಸ್ ನಡುವಿಗೆ ಮರಳುವುದು ತಡವಾಗುತ್ತದೆ. ಆದ್ದರಿಂದ ಅಟ್ಟೆಯ ಉದ್ದ ಹೇಳಿ, ಸೈಜ್ ಅಲ್ಲ. ಡಿನ್ ಕೋಷ್ಟಕಕ್ಕೂ ಬೇಕಾಗುವುದು ಇದೇ ಉದ್ದ.

ಸರಿಸಿದ ಮೇಲೆ ಬೂಟು ಹಾಕಿಯೇ ಒತ್ತಡದ ಸೂಚಕ ನೋಡಬೇಕು. ಕೆಲವು ಬೈಂಡಿಂಗ್‌ಗಳಲ್ಲಿ ಸ್ಕ್ರೂವಿನ ತಲೆ ಹೀಲ್ ಪೀಸ್‌ನ ಮೈಗೆ ಸಮವಾಗಿ ನಿಲ್ಲಬೇಕು, ಕೆಲವದರಲ್ಲಿ ಚಿಕ್ಕ ನಾಲಗೆ ಎರಡು ಗೆರೆಗಳ ನಡುವೆ ಬರಬೇಕು. ಬೂಟು ತೆಗೆದು ಮತ್ತೆ ಹಾಕಿ ಸೂಚಕ ಅಲ್ಲೇ ಇದೆಯೇ ನೋಡಿ.

ಕಳಚಿದ ಸ್ಕೀಯನ್ನು ತಡೆದು ನಿಲ್ಲಿಸುವ ಬ್ರೇಕಿನ ದೋಷವೂ ಇದೇ ಹೊತ್ತಿಗೆ ಗೊತ್ತಾಗುತ್ತದೆ. ಟೂರಿಂಗ್ ಅಟ್ಟೆಯ ಹಿಮ್ಮಡಿಯ ಮುಂದಿನ ತಗ್ಗು ಕೆಲವು ಬೈಂಡಿಂಗ್‌ಗಳ ಬ್ರೇಕ್ ಪೆಡಲಿನ ಮೇಲೆ ಬಂದು, ಪೆಡಲ್ ಪೂರ್ತಿ ಒತ್ತದೆ, ಬ್ರೇಕಿನ ತೋಳುಗಳು ಹಿಮಕ್ಕೆ ತಾಗುತ್ತವೆ. ಅದನ್ನು ದಾರ ಕಟ್ಟಿ ಎತ್ತಿಡಬೇಡಿ. ಕಳಚಿದ ಸ್ಕೀ ಇಳಿಜಾರಿನಲ್ಲಿ ಒಂಟಿಯಾಗಿ ಹೊರಟರೆ ಕೆಳಗಿರುವವರ ಗತಿ ನೆನೆಯಿರಿ.

ಅಟ್ಟೆ ಮಿಲ್ಲಿಂಗ್ ಮಾಡಿಸಿದರೆ?

ಬೆಳಗಾವಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮೈಕ್ರಾನ್ ಲೆಕ್ಕದಲ್ಲಿ ಹೈಡ್ರಾಲಿಕ್ ಬಿಡಿಭಾಗ ತೆಗೆಯುವ ಊರಿಗೆ ರಬ್ಬರ್ ಅಟ್ಟೆಯನ್ನು 19 ಮಿ.ಮೀ.ಗೆ ಇಳಿಸುವುದು ದೊಡ್ಡ ಮಾತೇ? ಇಳಿಸುವುದು ದೊಡ್ಡ ಮಾತಲ್ಲ, ಇಳಿಸಿದರೆ ಆಗುವುದಿಲ್ಲ. ದಪ್ಪ ಸರಿಹೋದರೂ ಅಡಿಯಲ್ಲಿ ಉಳಿಯುವುದು ರಬ್ಬರೇ, ಘರ್ಷಣೆಯ ಲೆಕ್ಕ ಹಾಗೇ ಇರುತ್ತದೆ. ರಬ್ಬರ್ ದಾಟಿ ಕೊರೆದರೆ ಟೆಕ್ ಗುಳಿಗಳ ಉಕ್ಕು ಕೂತ ಜಾಗ ತೆಳುವಾಗುತ್ತದೆ. ತುಟಿಯ ಆಕಾರ, ಮೂತಿಯ ಬಾಗು, ಹಿಮ್ಮಡಿಯ 30 ಮಿ.ಮೀ. ಇವನ್ನೆಲ್ಲ ಒಂದೇ ಪಾಸಿನಲ್ಲಿ ಸರಿಮಾಡಲು ಬರುವುದಿಲ್ಲ. ಸ್ಕೀ ಅಂಗಡಿಗಳಲ್ಲಿ ಡೌನ್‌ಹಿಲ್ ಬೂಟಿನ ಅಟ್ಟೆ ಹೆರೆದು, ತುಟಿಯನ್ನು ಮತ್ತೆ 19 ಮತ್ತು 30ಕ್ಕೆ ರೂಟರ್ ಹಿಡಿದು ತರುವ ಕೆಲಸ ಇದೆ, ನಿಜ. ಅದು ಗಟ್ಟಿ ಪ್ಲಾಸ್ಟಿಕ್ಕಿನ, ಚಪ್ಪಟೆ ಅಟ್ಟೆಯ ಮೇಲೆ, ಜಿಗ್ ಇಟ್ಟು ಮಾಡುವ ಕೆಲಸ.

ಸರಿಯಾದ ದಾರಿ ಇರುವುದು ಅಟ್ಟೆ ಬದಲಾಯಿಸಲು ಬರುವ ಬೂಟುಗಳಿಗೆ ಮಾತ್ರ. ತಯಾರಕರೇ 5355 ಅಥವಾ ಗ್ರಿಪ್‌ವಾಕ್ ಅಟ್ಟೆಯ ತುಂಡುಗಳನ್ನು ಮಾರುತ್ತಾರೆ, ಮುಂದಿನದು ಹಿಂದಿನದು ಎರಡನ್ನೂ ಜೋಡಿಯಾಗಿ ಬದಲಾಯಿಸಬೇಕು. ಮುಂದೆ ಒಂದು ಜಾತಿ, ಹಿಂದೆ ಒಂದು ಜಾತಿ ಇಟ್ಟರೆ ಬೂಟಿನ ಓಲುವೆಯೇ ಬದಲಾಗುತ್ತದೆ. ತುಂಡಿಗೂ ಬೂಟಿಗೂ ನಡುವಿನ ಮಣ್ಣು ಒರೆಸಿ, ಎಲ್ಲ ಸ್ಕ್ರೂಗಳನ್ನು ಮೊದಲು ಕೈಯಲ್ಲಿ ಹಿಡಿಸಿ, ಆಮೇಲೆ ಅಡ್ಡಡ್ಡವಾಗಿ ಬಿಗಿಯಿರಿ. ಪವರ್ ಡ್ರೈವರ್ ಬೇಡ, ಪ್ಲಾಸ್ಟಿಕ್ಕಿನ ಥ್ರೆಡ್ ಒಂದೇ ಸಲಕ್ಕೆ ಹೋಗುತ್ತದೆ. ಒಂದು ದಿನ ಸ್ಕೀ ಮಾಡಿ ಮತ್ತೆ ಬಿಗಿದು ನೋಡಿ. ಸಡಿಲವಾದ ಅಟ್ಟೆಯ ತುಂಡು ಮೇಲೆ ಹೇಳಿದ ಮೂತಿಯ ಆಟದಂತೆಯೇ ಕಾಣುತ್ತದೆ, ಬೈಂಡಿಂಗ್ ಮೇಲೆ ಸುಮ್ಮನೆ ತಪ್ಪು ಬೀಳುತ್ತದೆ.

ಸ್ಕೀ ನಿಮ್ಮದೇ ಆಗಿದ್ದು ಬೈಂಡಿಂಗನ್ನೇ ಬದಲಾಯಿಸುವುದಾದರೆ, ಸ್ಕೀ ನಡುವೆ ಡ್ರಿಲ್ ಬಿಟ್‌ನ ಅಳತೆ ಅಚ್ಚಾಗಿರುತ್ತದೆ: 3.6 ಅಥವಾ 4.1 ಮಿ.ಮೀ., ಆಳ 9 ಮಿ.ಮೀ. ಸ್ಟಾಪ್ ಕಾಲರ್ ಇಲ್ಲದ ಬಿಟ್ ಅಡಿಯಿಂದ ಹೊರಬಂದ ಮೇಲೆ ಸ್ಕೀ ಗೋಡೆಗೆ ತೂಗುಹಾಕುವ ವಸ್ತು. ಸ್ಕ್ರೂಗಳು ಪೋಜಿಡ್ರೈವ್ 3 ನಂಬರ್. ಸಾದಾ ನಕ್ಷತ್ರದ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಕೆಡಿಸುತ್ತದೆ. ಜಿಗ್ ಇಲ್ಲದೆ ಈ ಕೆಲಸಕ್ಕೆ ಇಳಿಯುವುದನ್ನು ಸಲಹೆ ಮಾಡಲಾರೆವು.

ನಮ್ಮ ಹವೆಯಿಂದ ಬರುವ ದೋಷ

ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಾವಿಯ ತೇವ, ಏಪ್ರಿಲ್ ಮೇನಲ್ಲಿ ವಿಜಯಪುರದ 40 ಡಿಗ್ರಿ ದಾಟುವ ಬಿಸಿಲು, ಎರಡೂ ಬೂಟಿಗೆ ಆಗಿಬರುವುದಿಲ್ಲ. ಪಾಲಿಯುರಿಥೇನ್ ತೇವ ಹೀರಿ ವರ್ಷಗಳಲ್ಲಿ ಪುಡಿಯಾಗುತ್ತದೆ. ಹೊರಗೆ ನುಣುಪಾಗಿಯೇ ಇದ್ದ ಬೂಟು ಮೊದಲ ಚಳಿಗೆ, ಮೊದಲ ಒತ್ತಡಕ್ಕೆ ಬಿರಿಯುವುದು ಇದರಿಂದಲೇ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿಟ್ಟರೆ ರಬ್ಬರ್ ಅಟ್ಟೆಯ ಅಂಟು ಬಿಡುತ್ತದೆ. ತುಟಿಯನ್ನು ಹೆಬ್ಬೆರಳಿನಿಂದ ಬಗ್ಗಿಸಿ ನೋಡಿ: ಕೂದಲೆಳೆಯ ಬಿರುಕು, ಅಂಟಿನ ಸಂದು, ಬೆರಳಿಗೆ ಹತ್ತುವ ಪುಡಿ ಯಾವುದು ಕಂಡರೂ ಬೂಟು ಬೇಡ. ಮಳೆಗಾಲಕ್ಕೆ ಮುನ್ನ ಒಳಪದರ ತೆಗೆದು ಒಣಗಿಸಿ, ಬಕಲ್‌ಗಳನ್ನು ಸಡಿಲವಾಗಿ ಹಾಕಿ, ಗಾಳಿಯಾಡುವ ಕಪಾಟಿನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ತೇವವನ್ನು ಒಳಗೇ ಕೂಡಿಹಾಕಿದಂತೆ.

ಬೈಂಡಿಂಗ್‌ಗೂ ವಯಸ್ಸಿದೆ. ತಯಾರಕರು ತಾವು ಇನ್ನೂ ಹೊಣೆ ಹೊರುವ ಮಾದರಿಗಳ ಪಟ್ಟಿ ಕೊಡುತ್ತಾರೆ. ಅದರಲ್ಲಿ ಇಲ್ಲದ್ದನ್ನು ಹೊರದೇಶದ ಅಂಗಡಿಗಳು ಮುಟ್ಟುವುದೇ ಇಲ್ಲ. ಜಾರುಪಟ್ಟಿಯಲ್ಲಿ ಗೀರು, ಗುಳಿ ಇದ್ದರೆ 5355 ಬೂಟಿಗೂ ಅದು ಕೆಟ್ಟ ಬೈಂಡಿಂಗೇ. ಪ್ರೆಶರ್ ವಾಶ್ ಹೊಡೆದು ತೊಳೆಯಬೇಡಿ, ಒಳಗಿನ ಗ್ರೀಸು ಹೋಗುತ್ತದೆ.

ಬಾಡಿಗೆ ಕೌಂಟರಿನ ಮುಂದೆ

ಬೂಟು 9523 ಎಂದು ಊರಲ್ಲೇ ಖಚಿತವಾಗಿದ್ದರೆ ಅಲ್ಲಿ ಮೊದಲು ನೋಡಬೇಕಾದ್ದು ಬೈಂಡಿಂಗ್‌ನ ಗುರುತು. ಎಂಎನ್‌ಸಿ, ಸೋಲ್ ಐಡಿ, ಎಟಿ ಈ ಮೂರರಲ್ಲಿ ಒಂದು ಕಾಣಬೇಕು, ಅಥವಾ ಟೂರಿಂಗ್‌ಗೆಂದೇ ಮಾಡಿದ ಫ್ರೇಮ್ ಬೈಂಡಿಂಗ್, ಇಲ್ಲವೇ ಬೂಟಿಗೆ ಉಕ್ಕಿನ ಗುಳಿಗಳಿದ್ದರೆ ಟೆಕ್ ಬೈಂಡಿಂಗ್ ಇರಬೇಕು. ಮಾರ್ಕರ್ ಡ್ಯೂಕ್, ಬ್ಯಾರನ್‌ನ ಹಳೆಯ ಫ್ರೇಮ್ ಮಾದರಿಗಳು ಎರಡೂ ಜಾತಿಯ ಬೂಟು ಒಪ್ಪುತ್ತವೆ, ಎತ್ತರ ಹೊಂದಿಸಿದ ಮೇಲೆ. ಯಾವುದೂ ಇಲ್ಲವಾದರೆ ಅವರ ಡೌನ್‌ಹಿಲ್ ಬೂಟನ್ನೇ ಬಾಡಿಗೆಗೆ ಹಿಡಿಯಿರಿ, ನಿಮ್ಮದು ನಡೆಯಲು ಇರಲಿ. ‘ಎಲ್ಲರೂ ಹಾಕ್ತಾರೆ, ಏನೂ ಆಗಲ್ಲ’ ಎಂಬ ಮಾತು ಅಲ್ಲಿ ಕೇಳಿಬಂದರೆ, ಹಾಗೆ ಹಾಕಿದವರು ಅಂದು ಬಿದ್ದಿರಲಿಲ್ಲ ಎಂದಷ್ಟೇ ಅದರ ಅರ್ಥ.

ಹೊಂದುವ ಜೋಡಿ ಸಿಕ್ಕ ಮೇಲೆ ತೂಕ, ಎತ್ತರ, ವಯಸ್ಸು, ಅಟ್ಟೆಯ ಉದ್ದ, ಸ್ಕೀ ಮಾಡುವ ಬಗೆ ಐದನ್ನೂ ಹೇಳಿ ಡಿನ್ ಇಡಿಸಿ. ತೂಕವನ್ನು ನಾಚಿಕೆಗೆ ಕಡಿಮೆ ಹೇಳುವುದು, ಅನುಭವವನ್ನು ಹೆಮ್ಮೆಗೆ ಹೆಚ್ಚು ಹೇಳುವುದು ಎರಡೂ ಅಂಕಿಯನ್ನು ಕೆಡಿಸುತ್ತವೆ. ವಯಸ್ಸು 50 ಆಗಿದ್ದರೆ ಅಥವಾ ದಾಟಿದ್ದರೆ ಕೋಷ್ಟಕದಲ್ಲಿ ಒಂದು ಸಾಲು ಮೇಲಕ್ಕೆ, ಅಂದರೆ ಕಡಿಮೆ ಅಂಕಿಗೆ ಹೋಗಬೇಕು. ಕೌಂಟರಿನವರು ಮರೆತರೆ ನೆನಪಿಸಿ. ಮತ್ತೊಂದು ಮಾತು: ಬೈಂಡಿಂಗ್ ಎಷ್ಟೇ ಸರಿಯಿದ್ದರೂ ಅದು ಕಾಯುವುದು ಮುಖ್ಯವಾಗಿ ಕಾಲಮೂಳೆಯನ್ನು. ಮೊಣಕಾಲಿನ ಒಳಗಿನ ಅಸ್ಥಿರಜ್ಜುವಿಗೆ ಅಂಥ ಭರವಸೆ ಯಾವ ಡಿನ್ ಅಂಕಿಯೂ ಕೊಡುವುದಿಲ್ಲ.

ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿಯುವ ಮೊದಲು ಚೀಲಕ್ಕೆ ಇವಿಷ್ಟು ಹಾಕಿಕೊಳ್ಳಿ: ಪೋಜಿಡ್ರೈವ್ 3 ನಂಬರಿನ ಗಿಡ್ಡ ಸ್ಕ್ರೂಡ್ರೈವರ್, ಅಟ್ಟೆಯ ಹಿಮ ಕೆರೆಯಲು ಪ್ಲಾಸ್ಟಿಕ್ ಸ್ಕ್ರೇಪರ್, ಫೀಲರ್ ಗೇಜಿನಿಂದ ಬಿಚ್ಚಿದ 0.50ರ ಎಲೆ. ಬೂಟಿನ ಹಿಮ್ಮಡಿಯ ಮೇಲೆ ಅಳಿಸದ ಮಾರ್ಕರಿನಲ್ಲಿ ಎರಡು ಅಂಕಿ ಬರೆದಿಡಿ, ಅಟ್ಟೆಯ ಐಎಸ್‌ಒ ಸಂಖ್ಯೆ ಮತ್ತು ಮಿ.ಮೀ.ನಲ್ಲಿ ಅಟ್ಟೆಯ ಉದ್ದ. ಬೂಟನ್ನು ತಮ್ಮನಿಗೋ ಗೆಳೆಯರಿಗೋ ಕೊಟ್ಟು ಕಳಿಸುವಾಗ ನೀವು ಜೊತೆಗಿರುವುದಿಲ್ಲ, ಬರೆದದ್ದು ಜೊತೆಗಿರುತ್ತದೆ.